ಅತ್ತೆ ಕಲೆಸಿದ ಕಪ್ಪು ಶಾಯಿ

ನಿವೃತ್ತರಾದ ಮೊದಲ ತಿಂಗಳಲ್ಲೇ ನನ್ನ ಅತ್ತೆ ಅಡುಗೆಮನೆಯ ಎಲ್ಲ ಡಬ್ಬಿಗಳಿಗೂ ಚೀಟಿ ಅಂಟಿಸಿದರು. ಗಾಜಿನ ಜಾಡಿಯಲ್ಲಿ ಕಣ್ಣಿಗೆ ಕಾಣುವಂತೆಯೇ ಇದ್ದ ಕಡಲೆಬೇಳೆಗೂ ‘ಕಡಲೆಬೇಳೆ’ ಎಂಬ ಚೀಟಿ ಬಿತ್ತು. ಅದು ಮುಗಿದ ಮೇಲೆ, ಕಡಲಗಾಳಿಗೆ ತುಕ್ಕು ಹಿಡಿದಿದ್ದ ಬಾಲ್ಕನಿಯ ಸರಳುಗಳನ್ನು ಉಜ್ಜಿ, ಪ್ರೈಮರ್ ಹೊಡೆದು, ಒಣಗಿಸಿ, ಎರಡು ಕೋಟ್ ಹಸಿರು ಬಣ್ಣ ಬಳಿದರು. ಆಮೇಲೆ ಕೆಳಗಿನ ಮನೆಯವರ ಬಾಲ್ಕನಿಯನ್ನು ಬಗ್ಗಿ ಬಗ್ಗಿ ನೋಡತೊಡಗಿದಾಗ ನನ್ನ ಗಂಡನಿಗೆ ಗಾಬರಿಯಾಯಿತು.

“ಅಮ್ಮಾ, ಸ್ವಲ್ಪ ದಿನ ಸುಮ್ನೆ ಕೂತ್ಕೊಳ್ಳಕ್ಕೆ ಆಗಲ್ವಾ?”

“ಸುಮ್ನೆ ಕೂತು ಏನ್ ಮಾಡ್ಲಿ ಡಾ? ಗೋಡೆ ನೋಡ್ಲಾ? ಆ ಗೋಡೆ ಪೇಂಟೂ ನಮ್ ಕಂಪನೀದೇ. ನೋಡಿ ನೋಡಿ ಸಾಕಾಗಿದೆ.”

ಅತ್ತೆ ಅಂಬತ್ತೂರಿನ ಒಂದು ಪೇಂಟ್ ಕಾರ್ಖಾನೆಯ ಲ್ಯಾಬಿಗೆ ಬಿ.ಎಸ್ಸಿ. ಮುಗಿಸಿದ ಕೂಡಲೇ ಸೇರಿದವರು. ಆ ಕೆಲಸದಲ್ಲಿದ್ದಾಗಲೇ ಮದುವೆಯಾದರು, ಮಗನನ್ನು ಹೆತ್ತರು, ಗಂಡನನ್ನು ಕಳೆದುಕೊಂಡರು. ಕೊನೆಗೆ ಅದೇ ಲ್ಯಾಬಿನ ಮುಖ್ಯಸ್ಥೆಯಾಗಿ ಹೊರಬಂದರು. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ವೈಷ್ಣವ ಮನೆತನ. ಮನೆಮಾತು ಕನ್ನಡವೇ ಆದರೂ ಅದರ ಅರ್ಧ ತಮಿಳು. ನಾನು ದಾವಣಗೆರೆಯವಳು. ನಮ್ಮಪ್ಪನದು ಬಟ್ಟೆ ಅಂಗಡಿ, ಹಣೆಯ ತುಂಬ ವಿಭೂತಿ. ಪಿಎಚ್.ಡಿ. ಮಾಡಲು ಚೆನ್ನೈಗೆ ಬಂದವಳು ಇವರ ಮಗನನ್ನು ಮೆಚ್ಚಿದೆ. ಎರಡೂ ಮನೆಗಳಲ್ಲಿ ವಿಭೂತಿ, ನಾಮಗಳ ವಾದ ಮುಗಿಯುವಂತೆ ಕಾಣದಿದ್ದಾಗ ಅತ್ತೆ ಒಬ್ಬರೇ ರೈಲು ಹತ್ತಿ ದಾವಣಗೆರೆಗೆ ಹೋಗಿಬಿಟ್ಟರು. ನಮ್ಮಪ್ಪನ ಅಂಗಡಿಯ ಹಾಸಿನ ಮೇಲೆ ಕೂತು, “ಹುಡುಗಿ ಕೆಮಿಸ್ಟ್ರಿ ಓದಿದಾಳೆ. ನಮ್ ಮನೇಲಿ ನನ್ ಜೊತೆ ಕೆಮಿಸ್ಟ್ರಿ ಮಾತಾಡೋರು ಯಾರೂ ಇಲ್ಲ. ಕೊಡ್ರಿ” ಎಂದರಂತೆ. ಮಗ ಒಳ್ಳೆಯವನು, ಮನೆ ಸ್ವಂತದ್ದು ಎಂದೆಲ್ಲ ಕೇಳಲು ತಯಾರಾಗಿದ್ದ ಅಪ್ಪ ಈ ಮಾತಿಗೆ ಜೋರಾಗಿ ನಕ್ಕರು. ಒಪ್ಪಿಬಿಟ್ಟರು.

ಮದುವೆಯಾಗಿ, ಮಗಳು ಹುಟ್ಟಿ, ಅವಳು ಶಾಲೆಗೆ ಹೋಗುವ ಹೊತ್ತಿಗೆ ನಾನು ಕೂಡ ಅಂಬತ್ತೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಾವು ಮಾಡುತ್ತಿದ್ದುದು ಫ್ಯೂಯಲ್ ಸೆಲ್. ಹೈಡ್ರೋಜನ್ನೂ ಗಾಳಿಯ ಆಮ್ಲಜನಕವೂ ಅದರೊಳಗೆ ಸೇರಿ ನೀರಾಗುತ್ತವೆ, ಹಾಗೆ ಸೇರುವಾಗ ವಿದ್ಯುತ್ತು ಹುಟ್ಟುತ್ತದೆ. ಹೊಗೆಯಿಲ್ಲ, ಸದ್ದಿಲ್ಲ. ಕರೆಂಟು ಹೋದಾಗ ಮೊಬೈಲ್ ಟವರುಗಳ ಬುಡದಲ್ಲಿ ಗುಡುಗುವ ಡೀಸೆಲ್ ಜನರೇಟರುಗಳ ಜಾಗದಲ್ಲಿ ಇದನ್ನು ಕೂರಿಸಬೇಕೆಂಬುದು ನಮ್ಮ ಆಸೆ.

ಆದರೆ ಈ ಎರಡು ಅನಿಲಗಳು ಹತ್ತಿರ ಬಂದ ಮಾತ್ರಕ್ಕೆ ಸೇರುವುದಿಲ್ಲ. ಸೇರಿಸಲು ಪ್ಲಾಟಿನಂ ಬೇಕು. ಅದು ಚಿನ್ನದಂತೆ ಬೆಲೆಬಾಳುವ ಲೋಹ. ಆದ್ದರಿಂದ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಇಂಗಾಲದ ಪುಡಿಯ ಮೇಲೆ ಕೂರಿಸುತ್ತಾರೆ. ಯಂತ್ರವನ್ನು ಮತ್ತೆ ಮತ್ತೆ ಚಾಲೂ ಮಾಡಿ ನಿಲ್ಲಿಸಿದಂತೆಲ್ಲ ಆ ಇಂಗಾಲ ಸವೆಯುತ್ತದೆ, ಮೇಲೆ ಕೂತ ಕಣಗಳು ನೆಲೆ ತಪ್ಪಿ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಸೆಲ್ಲು ದಿನೇ ದಿನೇ ಬಡವಾಗುತ್ತದೆ. ನಮ್ಮೂರಲ್ಲಿ ಕರೆಂಟು ಹೋಗಿ ಬರುವ ರೀತಿಗೆ ಈ ರೋಗ ಇನ್ನೂ ಬೇಗ ಬರುತ್ತದೆ. ಸಾಮಾನ್ಯ ಇಂಗಾಲದ ಬದಲು ಕಾರ್ಬನ್ ನ್ಯಾನೊಟ್ಯೂಬ್ ಬಳಸಿ ಇದನ್ನು ತಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ನ್ಯಾನೊಟ್ಯೂಬ್ ಎಂದರೆ ಇಂಗಾಲದ್ದೇ ಅತಿಸೂಕ್ಷ್ಮ ಕೊಳವೆ. ಗಟ್ಟಿ ಜೀವ, ಸುಲಭಕ್ಕೆ ಸವೆಯುವುದಿಲ್ಲ. ಆದರೆ ಅದರ ಮೈ ನುಣುಪು, ಪ್ಲಾಟಿನಂ ಅಲ್ಲಿ ನಿಲ್ಲುವುದಿಲ್ಲ. ಆಮ್ಲದಲ್ಲಿ ಕುದಿಸಿ ಮೈ ಒರಟು ಮಾಡಿದರೆ ಪ್ಲಾಟಿನಂ ನಿಲ್ಲುತ್ತದೆ, ಕೊಳವೆಯ ಗಟ್ಟಿತನ ಹೋಗುತ್ತದೆ. ಇದೆಲ್ಲ ದಾಟಿ ಆ ಪುಡಿಯನ್ನು ಶಾಯಿಯಂತೆ ಕಲೆಸಿ ಸೆಲ್ಲಿನೊಳಗೆ ಕೂರುವ ತೆಳು ಹಾಳೆಯ ಮೇಲೆ ಸಿಂಪಡಿಸಲು ಹೋದರೆ ಕೊಳವೆಗಳು ಎಣ್ಣೆ ಕಾಣದ ಕೂದಲಿನಂತೆ ಸಿಕ್ಕುಗಟ್ಟಿ ಕೂರುತ್ತಿದ್ದವು. ನಾನು ಆ ಸಿಕ್ಕಿನಲ್ಲಿ ಸಿಕ್ಕಿ ಬಹಳ ಕಾಲವಾಗಿತ್ತು.

ಆ ವರ್ಷ ನವರಾತ್ರಿಗೆ ಅತ್ತೆ ಎಂದಿನಂತೆ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ ಕೂರಿಸಿದ್ದರು. ನಮ್ಮ ಕಂಪನಿಯ ಯಜಮಾನರು, ನಾವೆಲ್ಲ ‘ಸರ್’ ಎಂದು ಕರೆಯುವ ತಮಿಳರು, ಹೆಂಡತಿಯೊಡನೆ ಗೊಂಬೆ ನೋಡಲು ಬಂದರು. ಅತ್ತೆ ಅವರ ಕೈಗೆ ಬೇಯಿಸಿ ಒಗ್ಗರಿಸಿದ ಕಡಲೆಯ ಸುಂಡಲಿನ ದೊನ್ನೆ ಕೊಟ್ಟು ತಮಿಳಿನಲ್ಲಿ ವಿಚಾರಿಸಿದರು.

“ನಮ್ ಸೊಸೆ ಸರಿಯಾಗಿ ಕೆಲಸ ಮಾಡ್ತಾಳಾ ಸಾರ್?”

“ಅವರೇನೋ ಮಾಡ್ತಾರಮ್ಮಾ. ಶಾಯಿ ಮಾತ್ರ ಅವರ ಮಾತು ಕೇಳಲ್ಲ” ಎಂದು ಸರ್ ನಕ್ಕರು.

“ಶಾಯಿಯಾ? ಏನ್ ಶಾಯಿ?”

ಸರ್ ಸೌಜನ್ಯಕ್ಕೆಂದು ನಾಲ್ಕು ಮಾತಿನಲ್ಲಿ ವಿವರಿಸಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದುರಿನ ಬೆತ್ತದ ಸ್ಟೂಲಿನ ಮೇಲೆ ಕೂತೇಬಿಟ್ಟರು.

“ಎಷ್ಟು ಹೊತ್ತಿಗೆ ಅಡಿಗೆ ಇಳಿಯುತ್ತೆ? ಅಲ್ಲಾಡಿಸಿದ್ರೆ ಮೇಲೆ ಬರುತ್ತಾ, ಇಲ್ಲ ಕಲ್ಲಾಗಿ ಕೂತ್ಕೊಳ್ಳುತ್ತಾ? ಬಳಿದಾಗ ಗೆರೆ ಬೀಳುತ್ತಾ, ಚುಕ್ಕೆ ಬೀಳುತ್ತಾ? ಮೊದಲು ಏನ್ ಹಾಕ್ತೀರಿ, ನೀರಾ, ಅಂಟಾ?”

ಸರ್ ಸುಂಡಲ್ ಅಗಿಯುವುದನ್ನು ನಿಲ್ಲಿಸಿ ಉತ್ತರ ಕೊಡತೊಡಗಿದರು. ಅವರ ಹೆಂಡತಿ ಕಾಫಿ ಆರುತ್ತಿದೆ ಎಂದು ನೆನಪಿಸಬೇಕಾಯಿತು. ಮರುವಾರ ಸರ್ ನನ್ನನ್ನು ತಮ್ಮ ಕೋಣೆಗೆ ಕರೆದು, “ನಿಮ್ಮ ಅತ್ತೆ ವಾರಕ್ಕೆ ಕೆಲವು ದಿನ ಬಂದು ಸಲಹೆ ಕೊಡೋದಕ್ಕೆ ಒಪ್ಪುತ್ತಾರಾ? ನಿಮಗೆ ತೊಂದರೆ ಇಲ್ಲ ಅಂದ್ರೆ ಮಾತ್ರ” ಎಂದರು.

ತೊಂದರೆ ಇಲ್ಲವೆಂದು ಹೇಳಿದೆ. ಆದರೆ ಅತ್ತೆ ಎಷ್ಟೇ ಒಳ್ಳೆಯವರಾದರೂ ಅತ್ತೆ. ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಹೆಚ್ಚಾದರೆ ಅವರ ಮುಖ ನೋಡಿ ತಿಳಿದುಕೊಳ್ಳುವ ನಾನು ಇನ್ನು ಲ್ಯಾಬಿನಲ್ಲಿಯೂ ಅದೇ ಮುಖ ನೋಡಬೇಕಲ್ಲ! ಗಂಡನಿಗೆ ಹೇಳಿದರೆ ಅವನಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು.

“ಮನೇಲಿ ಅವರು ಹೆಡ್ಡು, ಆಫೀಸಲ್ಲಿ ನೀನು ಹೆಡ್ಡು. ನಾನೆಲ್ಲಿ ಹೋಗ್ಲಿ?”

ಷರತ್ತು ಹಾಕಿದವರು ಅತ್ತೆಯೇ. “ಇಲ್ನೋಡು ಕಣ್ಣಾ, ಮನೇಲಿ ನಾನು ಅತ್ತೆ. ಆ ಗೇಟ್ ಒಳಗೆ ಹೋದ್ಮೇಲೆ ನೀನು ಮೇಡಂ. ತಪ್ಪು ಮಾಡಿದ್ರೆ ಎಲ್ರಿಗೂ ಹೇಳೋ ಹಾಗೇ ನನಗೂ ಹೇಳ್ಬೇಕು. ಸರಿಯಾ?”

“ಮೇಡಂ ಅನ್ನಬ್ಯಾಡ್ರಿ ಅತ್ತೆ, ನಂಗೆ ಒಂಥರಾ ಆಗ್ತತಿ.”

“ಆದ್ರೆ ಆಗ್ಲಿ. ಅಭ್ಯಾಸ ಆಗುತ್ತೆ.”

ಅಡ್ಯಾರಿನ ನಮ್ಮ ಮನೆಯಿಂದ ಅಂಬತ್ತೂರು ಊರಿನ ಇನ್ನೊಂದು ತುದಿ. ಗಿಂಡಿಯಲ್ಲಿ ಮೆಟ್ರೊ ಹತ್ತಿ, ಆಲಂದೂರಿನಲ್ಲಿ ಬದಲಿಸಿ, ತಿರುಮಂಗಲದಲ್ಲಿ ಇಳಿದು ಬಸ್ಸು ಹಿಡಿಯುತ್ತಿದ್ದೆವು. ಮೊದಲ ದಿನ ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನೊಳಗೆ ನಡೆಯುವಾಗ ಅತ್ತೆ ನನಗಿಂತ ಮುಂದೆ. ಅವರಿಗೆ ಅಲ್ಲಿಯ ಒಂದೊಂದು ತಿರುವೂ ಗೊತ್ತು. ಒಂದು ಗಾಜಿನ ಕಟ್ಟಡದ ಮುಂದೆ ನಿಂತರು. ಕುತ್ತಿಗೆಗೆ ಗುರುತುಪಟ್ಟಿ ತೂಗಿಸಿಕೊಂಡ ಹುಡುಗ ಹುಡುಗಿಯರು ಒಳಗೆ ಹೋಗುತ್ತಿದ್ದರು.

“ನಮ್ ಫ್ಯಾಕ್ಟರಿ ಬೇರೆ ಕಡೆ ಹೋಗೋ ಮೊದಲು ಬಹಳ ವರ್ಷ ಇಲ್ಲೇ ಇದ್ದಿದ್ದು. ಲ್ಯಾಬ್ ಆ ಮೂಲೇಲಿ” ಎಂದರು. ನಾನು ಆ ಮೂಲೆಯ ಕಡೆ ತಿರುಗಿ ನೋಡುವಷ್ಟರಲ್ಲಿ, “ಚೆನ್ನಾಗಿ ಬೆಳಕು ಬರೋ ಜಾಗ. ಈ ಮಕ್ಕಳಿಗೂ ಬರ್ಲಿ” ಎಂದು ಮುಂದೆ ನಡೆದರು.

ಆ ದಿನವೇ ಒಂದು ಘಟನೆ ನಡೆಯಿತು. ಪ್ಲಾಟಿನಂ ಕೂರಿಸಿದ ಕಪ್ಪು ಪುಡಿಯನ್ನು ಬಟ್ಟಲಿನಲ್ಲಿ ತೂಗಿ ಇಟ್ಟಿದ್ದೆ. ಹೇಗೆ ಕಲೆಸುತ್ತೇವೆಂದು ತೋರಿಸಲು ನಾನು ಕೈಗವಸು ಹಾಕಿಕೊಳ್ಳುತ್ತಿದ್ದಾಗ, ಅತ್ತೆ ಅಭ್ಯಾಸಬಲದಿಂದ ಪಕ್ಕದಲ್ಲಿದ್ದ ಆಲ್ಕೋಹಾಲಿನ ಬಾಟಲಿ ಎತ್ತಿ ಪುಡಿಯ ಮೇಲೆ ಬಗ್ಗಿಸಲು ಹೋದರು. ಪೇಂಟಿನಲ್ಲಿ ಅವರು ಹಾಗೆಯೇ ಮಾಡುತ್ತಿದ್ದರು.

“ಅತ್ತೆ, ತಡೀರಿ!” ಎಂದು ಕೂಗಿ ಅವರ ಮಣಿಕಟ್ಟು ಹಿಡಿದೆ. ಮದುವೆಯಾದ ಮೇಲೆ ಅವರ ಕೈಯನ್ನು ಅಷ್ಟು ಬಿಗಿಯಾಗಿ ಹಿಡಿದದ್ದು ಅದೇ ಮೊದಲು. ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

“ಒಣ ಪುಡಿ ಮೇಲೆ ಆಲ್ಕೋಹಾಲ್ ಬಿದ್ರೆ ಪ್ಲಾಟಿನಂ ಅದಕ್ಕ ಬೆಂಕಿ ಹಚ್ಚಿಬಿಡ್ತತಿ. ಮೊದ್ಲು ನೀರಲ್ಲಿ ಪೂರ್ತಿ ನೆನೀಬೇಕು, ಆಮೇಲೆ ಅದು.”

ಅತ್ತೆ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಮುಖದಲ್ಲಿ ಕೋಪವಿರಲಿಲ್ಲ, ಬೆರಗಿತ್ತು. “ಬೆಂಕಿ ಪೆಟ್ಟಿಗೆನೇ ಬೇಡ್ವಾ?” ಎಂದರು. “ಒಳ್ಳೇ ಜಂಬದ ಲೋಹ. ಸರಿ ಮೇಡಂ, ಮೊದಲು ನೀರು. ಇನ್ನು ಮರೆಯಲ್ಲ.” ನಿಜಕ್ಕೂ ಮರೆಯಲಿಲ್ಲ. ಆಮೇಲೆ ಲ್ಯಾಬಿಗೆ ಬಂದ ಪ್ರತಿಯೊಬ್ಬರಿಗೂ ಕುರ್ಚಿ ಕೊಡುವ ಮೊದಲು ಈ ಪಾಠ ಹೇಳಿದವರು ಅತ್ತೆಯೇ.

ಅವರು ಬಂದ ಮೇಲೆ ಶಾಯಿ ಸುಧಾರಿಸಿತು. ಎಷ್ಟು ವೇಗದಲ್ಲಿ ಕಲೆಸಬೇಕು, ಎಲ್ಲಿ ತಣಿಸಬೇಕು, ಯಾವಾಗ ನಿಲ್ಲಿಸಬೇಕು ಎಂಬುದರಲ್ಲಿ ಅವರಿಗೆ ಪಳಗಿದ ಕಣ್ಣಿತ್ತು. ಆದರೂ ಸಿಕ್ಕು ಪೂರ್ತಿ ಬಿಡಲಿಲ್ಲ. ಕೊನೆಗೆ ಪೇಂಟ್ ಕಾರ್ಖಾನೆಯ ಹಳೆಯ ಪರಿಚಯದವರಿಂದ ಒಂದು ದ್ರಾವಣ ತರಿಸಿದರು. ಕಪ್ಪು ಬಣ್ಣದ ಪುಡಿ ಗಂಟು ಕಟ್ಟದಂತೆ ಪೇಂಟಿಗೆ ಬೆರೆಸುವಂಥದ್ದು. ಅದರ ಒಂದಿಷ್ಟು ಹನಿ ಬೆರೆಸಿ ಕಲೆಸಿದರು. ನಾನು ಅಂಥ ಶಾಯಿಯನ್ನು ಅದುವರೆಗೆ ಕಂಡಿರಲಿಲ್ಲ. ಒಂದು ಚುಕ್ಕೆಯಿಲ್ಲ, ಒಂದು ಗೆರೆಯಿಲ್ಲ. ಹಾಳೆಯ ಮೇಲೆ ಸಿಂಪಡಿಸಿದಾಗ ಕಪ್ಪು ರೇಷ್ಮೆ ಹಾಸಿದ ಹಾಗಿತ್ತು. ಸರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಅತ್ತೆಗೆ ಕೈ ಮುಗಿದರು. ಆ ಸಂಜೆ ಅತ್ತೆ ಬಸ್ಸಿನಲ್ಲಿ ಹಾಡು ಗುನುಗುತ್ತಿದ್ದರು.

ಸೆಲ್ಲಿನಲ್ಲಿಟ್ಟು ಪರೀಕ್ಷಿಸಿದಾಗ ಅದು ಸತ್ತಂತಿತ್ತು. ಹಳೆಯ ಗಂಟುಗಂಟು ಶಾಯಿಯ ಸೆಲ್ಲು ಕೊಡುತ್ತಿದ್ದಷ್ಟು ವಿದ್ಯುತ್ತನ್ನು ಕೂಡ ಇದು ಕೊಡಲಿಲ್ಲ. ಮೊದಲು ಜೋಡಣೆ ತಪ್ಪಿರಬೇಕೆಂದು ಬಿಚ್ಚಿ ಜೋಡಿಸಿದೆವು. ಇನ್ನೊಂದು ಹಾಳೆ ಹಾಕಿದೆವು. ಅದೇ ಕಥೆ. ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಗಂಟು ಬಿಡಿಸಿದ ಆ ದ್ರಾವಣವೇ ಪ್ಲಾಟಿನಂ ಕಣಗಳ ಮೈಗೆ ಮೆತ್ತಿಕೊಂಡು, ಅನಿಲ ಅವುಗಳನ್ನು ಮುಟ್ಟದಂತೆ ಮಾಡಿತ್ತು. ನಮ್ಮ ಕಸುಬಿನಲ್ಲಿ ಇದಕ್ಕೆ ವಿಷವೇರುವುದು ಎನ್ನುತ್ತಾರೆ. ಹೀಗಾಗಬಹುದೆಂಬ ಅನುಮಾನ ನನಗೂ ಇತ್ತು, ಸರ್‌ಗೂ ಇತ್ತು. ನೋಡೋಣ ಎಂದೇ ಇಬ್ಬರೂ ಒಪ್ಪಿದ್ದೆವು. ಇಂಥ ಸೋಲು ನಮಗೆ ಹೊಸದಲ್ಲ. ಆದರೆ ಅತ್ತೆಗೆ ಹೊಸದು.

ಫಲಿತಾಂಶ ಹೇಳಿದಾಗ ಅವರು ಪರದೆಯ ಮೇಲೆ ಜಾರಿ ಬಿದ್ದಂತಿದ್ದ ಗೆರೆಯನ್ನೇ ನೋಡಿದರು. “ನಾನು ಹಾಕಿದ್ದರಿಂದಲಾ?” ಎಂದರು. ಹೌದೆಂದೆ. ತಪ್ಪಾದರೆ ಹೇಳಲೇಬೇಕೆಂದು ಅವರೇ ಷರತ್ತು ಹಾಕಿದ್ದರಲ್ಲ.

ಮರುದಿನ ನಾನು ಹೊರಟಾಗ ಅವರು ಹೊರಡಲಿಲ್ಲ. ಮಂಡಿನೋವು ಎಂದರು. ಅದರ ಮರುದಿನವೂ ಮಂಡಿನೋವು. ಮೂರನೆಯ ದಿನ ಮಂಡಿನೋವಿನಲ್ಲೇ ಅಟ್ಟದಿಂದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

“ಅತ್ತೆ, ಲ್ಯಾಬಲ್ಲಿ ಎಲ್ಲಾರೂ ಕೇಳ್ತಾರ್ರಿ. ಯಾವಾಗ ಬರ್ತೀರಿ?”

“ನಾನು ಯಾಕೆ ಕಣ್ಣಾ? ಪ್ಲಾಟಿನಂ ಎಲ್ಲ ಹಾಳು ಮಾಡ್ಬಿಟ್ಟೆ. ಅವರು ಎದುರಿಗೆ ಏನೂ ಹೇಳಲ್ಲ. ಹಿಂದೆ ಏನು ಹೇಳ್ತಾರೆ? ಇವಳ ಮಾಮಿಯಾರು ಬಂದು ಕೆಡಿಸಿದ್ಲು ಅಂತಾರೆ. ನಿನಗೆ ಕೆಟ್ಟ ಹೆಸರು.”

“ನಾನು ಸೇರಿದ ಮೊದಲನೇ ವರ್ಷ ಎಷ್ಟು ಕೆಡಿಸೀನಿ ಗೊತ್ತೇನ್ರಿ? ಪ್ಲಾಟಿನಂ ಎಲ್ಲೂ ಹೋಗಂಗಿಲ್ಲ. ಹಾಳೆ ಎಲ್ಲ ಕೂಡಿಸಿ ವಾಪಸ್ ಕಳಿಸಿದ್ರೆ ಕರಗಿಸಿ ತಗೀತಾರ. ಹೋಗಿದ್ದು ನಮ್ಮ ಸಮಯ ಅಷ್ಟ.”

ಅವರು ಚೊಂಬನ್ನು ತಿರುಗಿಸಿ ತಿರುಗಿಸಿ ಉಜ್ಜಿದರು. “ಪೇಂಟ್‌ನಲ್ಲಿ ಅದು ಯಾರಿಗೂ ತೊಂದರೆ ಕೊಡಲ್ಲ” ಎಂದರು, ತಮಗೇ ಎಂಬಂತೆ. ಆಮೇಲೆ ತಲೆ ಎತ್ತಿ ಕೇಳಿದರು. “ವಿಷ ಅಂದ್ಯಲ್ಲ, ಹೇಗೆ ವಿಷ? ಅಲ್ಲಿ ಒಳಗಡೆ ಏನು ನಡೆಯುತ್ತೆ? ನೀನು ನನಗೆ ಕೆಲಸ ಹೇಳ್ದೆ, ಅದು ಯಾಕೆ ಅಂತ ಪೂರ್ತಿ ಹೇಳೇ ಇಲ್ಲ. ಹೇಳ್ಕೊಡ್ತೀಯಾ?”

ಆ ಸಂಜೆಯಿಂದ ನಮ್ಮ ಊಟದ ಮೇಜಿನ ಮೇಲೆ ಪಾಠ ಶುರುವಾಯಿತು. ಸಾರು, ಪಲ್ಯದ ಪಾತ್ರೆಗಳನ್ನು ಬದಿಗೆ ಸರಿಸಿ, ಮಗಳ ಚಿತ್ರದ ಹಾಳೆಗಳ ಹಿಂಬದಿಯಲ್ಲಿ ನಾನು ಕೊಳವೆ ಬರೆಯುತ್ತಿದ್ದೆ, ಅದರ ಮೇಲೆ ಚುಕ್ಕೆಗಳಾಗಿ ಪ್ಲಾಟಿನಂ ಬರೆಯುತ್ತಿದ್ದೆ. ಅನಿಲ ಎಲ್ಲಿಂದ ಬರುತ್ತದೆ, ವಿದ್ಯುತ್ತು ಕೊಳವೆಯ ಉದ್ದಕ್ಕೂ ಹೇಗೆ ಹರಿದು ಹೋಗುತ್ತದೆ, ನೀರು ಎಲ್ಲಿ ಹೊರಬೀಳುತ್ತದೆ ಎಂದು ಹೇಳುತ್ತಿದ್ದೆ. ಅತ್ತೆ ಒಳ್ಳೆಯ ವಿದ್ಯಾರ್ಥಿನಿ. ಆದರೆ ಒಪ್ಪಿಕೊಂಡು ಹೋಗುವವರಲ್ಲ. ಪ್ರತಿ ಮಾತಿಗೂ “ಯಾಕೆ?” ಎನ್ನುತ್ತಿದ್ದರು. ಮಗಳಿಗೆ ನಾವು ಆಡುವ ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಬರುವುದು ತಮಿಳಿನಲ್ಲೇ. ಅಜ್ಜಿ ಮತ್ತೆ ಮತ್ತೆ ಕೇಳುವುದನ್ನು ನೋಡಿ, “ಪಾಟ್ಟಿಕ್ಕು ಇನ್ನುಂ ಪುರಿಯಲೆಯಾ?” ಎಂದು ಕೇಳಿದಳು. ಅಜ್ಜಿಗೆ ಇನ್ನೂ ತಿಳೀಲಿಲ್ವಾ ಎಂದು.

“ತಿಳೀತಿದೆ. ಅದಕ್ಕೇ ಕೇಳ್ತಿದೀನಿ” ಎಂದರು ಅತ್ತೆ.

ಒಂದು ಸಂಜೆ ಅವರು ನಾನು ಬರೆದ ಚಿತ್ರದ ಮೇಲೆ ಬೆರಳಿಟ್ಟರು.

“ಇಲ್ನೋಡು. ನಾವು ಪೇಂಟ್ ಮಾಡೋವಾಗ ಬಣ್ಣದ ಪುಡೀನ ಮೊದಲು ಬಿಡಿಸ್ಕೋತೀವಿ, ಆಮೇಲೆ ತಾನೆ ಬಾಕಿ ಎಲ್ಲ ಸೇರಿಸೋದು. ನೀವು ಸಿಕ್ಕಾಗಿರೋ ಕೊಳವೆ ಮೇಲೇನೇ ಪ್ಲಾಟಿನಂ ಕೂರಿಸ್ತೀರಿ. ಆಮೇಲೆ ಬಿಡಿಸಕ್ಕೆ ಹೋಗ್ತೀರಿ. ಆವಾಗ ನಾನು ಏನ್ ಹಾಕಿದ್ರೂ ಪ್ಲಾಟಿನಂ ಮೈಗೇ ಹೋಗುತ್ತೆ. ಮೊದಲೇ ಬಿಡಿಸಿದ್ರೆ?”

“ಬಿಡಿಸಿದ್ರೂ ನುಣುಪು ಮೈ ಮೇಲೆ ಪ್ಲಾಟಿನಂ ನಿಲ್ಲಂಗಿಲ್ಲಲ್ರಿ. ಅದಕ್ಕ ಆಮ್ಲದಾಗ ಕುದಿಸೋದು.”

ಹೇಳುತ್ತಾ ಹೇಳುತ್ತಾ ನನಗೇ ಒಂದು ಯೋಚನೆ ಬಂತು. ಕೊಳವೆಗಳನ್ನು ಬಿಡಿಸುವ ವಸ್ತುವೇ ಪ್ಲಾಟಿನಮ್ಮನ್ನು ಹಿಡಿದಿಡುವಂಥದ್ದೂ ಆದರೆ? ಕೆಲವು ಪಾಲಿಮರುಗಳು ಕೊಳವೆಯ ಮೈಗೆ ತೆಳ್ಳಗೆ ಸುತ್ತಿಕೊಳ್ಳುತ್ತವೆ. ಕೊಳವೆಗೆ ಗಾಯವಾಗುವುದಿಲ್ಲ. ಅವುಗಳಲ್ಲಿರುವ ಸಾರಜನಕ ಪ್ಲಾಟಿನಮ್ಮನ್ನು ಹಿಡಿದುಕೊಳ್ಳುತ್ತದೆ. ಪ್ಲಾಟಿನಂ ಪಾಲಿಮರಿನ ಹೊರಮೈ ಮೇಲೆ ಕೂರುವುದರಿಂದ ಅದನ್ನು ಮುಚ್ಚುವವರು ಯಾರೂ ಇಲ್ಲ. ಇದು ನನ್ನ ಶೋಧವಲ್ಲ. ಬೇರೆ ಬೇರೆ ದೇಶಗಳಲ್ಲಿ ಜನ ಮಾಡಿ ನೋಡಿದ್ದನ್ನು ಓದಿದ್ದೆ. ಓದಿ, ಪ್ಲಾಟಿನಂ ನಿಲ್ಲಿಸುವುದು ಒಂದು ಕೆಲಸ, ಶಾಯಿ ಕಲೆಸುವುದು ಇನ್ನೊಂದು ಕೆಲಸ ಎಂದು ಬೇರೆ ಬೇರೆ ಗೂಡುಗಳಲ್ಲಿ ಇಟ್ಟುಬಿಟ್ಟಿದ್ದೆ. ಎರಡೂ ಒಂದೇ ಕೆಲಸವಾಗಬಹುದೆಂದು ನನಗೆ ಹೊಳೆದಿರಲಿಲ್ಲ.

ಅತ್ತೆಗೆ ಇದನ್ನು ಚಿತ್ರ ಬರೆದು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ನಾಳೆ ಎಷ್ಟು ಗಂಟೆಗೆ ಹೊರಡೋದು?”

“ಮಂಡಿನೋವು?” ಎಂದ ನನ್ನ ಗಂಡ.

“ಅದು ಆವಾಗ್ಲೇ ವಾಸಿ ಆಯ್ತು. ನೀನು ಸುಮ್ನಿರು ಡಾ.”

ಆಮೇಲಿನ ತಿಂಗಳುಗಳು ನನಗೆ ಈಗಲೂ ಇಷ್ಟ. ಕೆಲಸ ಸುಲಭವಾಗಿರಲಿಲ್ಲ. ಪಾಲಿಮರ್ ಹೆಚ್ಚಾದರೆ ವಿದ್ಯುತ್ತು ಹರಿಯದು, ಕಡಿಮೆಯಾದರೆ ಕೊಳವೆಗಳು ಮತ್ತೆ ಒಂದಾಗುತ್ತವೆ. ಬಹಳಷ್ಟು ಬಟ್ಟಲುಗಳನ್ನು ಕೆಡಿಸಿದೆವು. ಆದರೆ ಈಗ ಕೆಟ್ಟಾಗ ಅತ್ತೆ ಮುಖ ಸಣ್ಣ ಮಾಡಿಕೊಳ್ಳುತ್ತಿರಲಿಲ್ಲ. “ಸರಿ, ಇದು ಅಲ್ಲ. ಮುಂದೆ?” ಎನ್ನುತ್ತಿದ್ದರು. ಸಂಜೆ ಬಸ್ಸಿನಲ್ಲಿ ಜಗಳವಾಡುತ್ತಿದ್ದೆವು. ಮನೆಯ ಜಗಳವಲ್ಲ, ಪಾಲಿಮರಿನ ಜಗಳ. ಒಮ್ಮೆ ನಾನು ಏರುದನಿಯಲ್ಲಿ, “ನೀವು ಹೇಳಿದ್ದು ಸರಿ ಇಲ್ಲ ಅತ್ತೆ, ತೊಳೆಯೋದು ಸಾಕಾಗಿಲ್ಲ” ಎಂದಾಗ ಮುಂದಿನ ಸೀಟಿನ ಹೆಂಗಸು ನಮ್ಮ ಕನ್ನಡ ಅರ್ಧಂಬರ್ಧ ಅರ್ಥವಾಗಿ ತಿರುಗಿ ನನ್ನನ್ನು ಗದರಿಸುವಂತೆ ನೋಡಿದಳು. ನಾನು ಹೇಳಿದ್ದು ಪುಡಿ ತೊಳೆಯುವ ಮಾತು; ಪಾತ್ರೆ ತೊಳೆಯುವ ವಿಷಯಕ್ಕೆ ಸೊಸೆ ಅತ್ತೆಯ ಮೇಲೆ ಕೂಗಾಡುತ್ತಿದ್ದಾಳೆಂದು ಅವಳು ತಿಳಿದಿರಬೇಕು. ಅತ್ತೆ ಅವಳಿಗೆ, “ಅವಳು ಹೇಳೋದು ಸರಿ ಮಾ, ನಾನೇ ಸರಿಯಾಗಿ ತೊಳೀಲಿಲ್ಲ” ಎಂದು ತಮಿಳಿನಲ್ಲಿ ಸಮಾಧಾನ ಹೇಳಿದರು. ಅವಳ ಕೋಪ ಇನ್ನೂ ಹೆಚ್ಚಾಯಿತು.

ಕೊನೆಗೊಂದು ಪುಡಿ ಕೈಗೆ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಸಿಟಿಯೊಳಗಿನ ಒಂದು ಲ್ಯಾಬಿಗೆ ಹೋಗಬೇಕಿತ್ತು. ಅತ್ತೆಯನ್ನೂ ಕರೆದುಕೊಂಡು ಹೋದೆ. ಪರದೆಯ ಮೇಲೆ ಬೂದುಬಣ್ಣದ ಉದ್ದ ಕೊಳವೆಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಂಡವು. ಪ್ರತಿಯೊಂದರ ಮೈಮೇಲೂ ಸಮನಾಗಿ ಹರಡಿದ ಕಪ್ಪು ಚುಕ್ಕೆಗಳು. ಯಂತ್ರ ನಡೆಸುತ್ತಿದ್ದ ಹುಡುಗಿ ಬೇರೆ ಬೇರೆ ಜಾಗ ತೋರಿಸಿದಳು. ಎಲ್ಲೆಲ್ಲೂ ಹಾಗೆಯೇ.

“ಇಷ್ಟು ದಿನ ನಾವು ಕಲೆಸಿದ್ದು ಇದನ್ನಾ?” ಎಂದು ಅತ್ತೆ ಮೆಲ್ಲಗೆ ಕೇಳಿದರು. ಜೀವಮಾನವೆಲ್ಲ ಪುಡಿ ಕಲೆಸಿದ ಅವರು ಪುಡಿಯ ಒಳಗನ್ನು ಕಂಡದ್ದು ಅಂದೇ ಮೊದಲು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು. “ಚೆನ್ನಾಗಿದೆ ಕಣ್ಣಾ. ತುಂಬ ಚೆನ್ನಾಗಿದೆ.” ಕೆಲಸದ ಜಾಗದಲ್ಲಿ ಮೇಡಂ ಎನ್ನಬೇಕೆಂಬುದು ಅವರಿಗೆ ಆಗ ನೆನಪಿರಲಿಲ್ಲ.

ಚಿತ್ರ ಚೆನ್ನಾಗಿದ್ದರೆ ಸಾಲದು, ಬಾಳಿಕೆ ಬರಬೇಕು. ಸೆಲ್ಲನ್ನು ಪರೀಕ್ಷೆಗಿಟ್ಟು ವಾರಗಟ್ಟಲೆ ಚಾಲೂ ಮಾಡುವುದು, ನಿಲ್ಲಿಸುವುದು, ಮತ್ತೆ ಚಾಲೂ ಮಾಡುವುದು ನಡೆಯಿತು. ಪಕ್ಕದಲ್ಲಿ ಹೋಲಿಕೆಗೆಂದು ಸಾಮಾನ್ಯ ಇಂಗಾಲದ ಸೆಲ್ಲು. ದಿನ ಬೆಳಗ್ಗೆ ಅತ್ತೆ ಚೀಲ ಇಡುವ ಮೊದಲೇ ಪರದೆಯ ಮುಂದೆ ನಿಲ್ಲುತ್ತಿದ್ದರು. ಸಾಮಾನ್ಯ ಇಂಗಾಲದ ಗೆರೆ ಮೆಲ್ಲಮೆಲ್ಲಗೆ ಇಳಿಯತೊಡಗಿತು. ನಮ್ಮದು ಕೂಡ ಇಳಿಯಿತು, ಇಲ್ಲವೆನ್ನಲಾರೆ. ಆದರೆ ಬಹಳ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಪರೀಕ್ಷೆ ಮುಗಿದಾಗ ಎರಡು ಗೆರೆಗಳ ನಡುವೆ ಕಣ್ಣಿಗೆ ರಾಚುವಷ್ಟು ಅಂತರವಿತ್ತು. ಸರ್ ಹೊರಗೆ ಹೋಗಿ, ಎಲ್ಲರಿಗೂ ಬಿಸಿ ಬಜ್ಜಿ ತಂದರು. ಕುರುಕುತ್ತಾ, “ಇನ್ನೊಂದು ಸಲ ಮಾಡಿ. ಮತ್ತೆ ಹೀಗೇ ಬಂದ್ರೆ ನಂಬ್ತೀನಿ” ಎಂದರು. ಮಾಡಿದೆವು. ಮತ್ತೆ ಹಾಗೆಯೇ ಬಂತು.

ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಮೊದಲ ಘಟಕವನ್ನು ಊರಾಚೆಯ ಒಂದು ಟವರಿನ ಬುಡದಲ್ಲಿ ಕೂರಿಸಿದರು. ಸುತ್ತ ಸೀಮೆಜಾಲಿ, ಸ್ವಲ್ಪ ದೂರದಲ್ಲಿ ಒಂದಿಷ್ಟು ಮನೆಗಳು. ಅತ್ತೆ ಬಿಸಿಲಿಗೆ ಕೊಡೆ ಹಿಡಿದು ಬಂದಿದ್ದರು. ಪಕ್ಕದಲ್ಲೇ ಹಳೆಯ ಡೀಸೆಲ್ ಜನರೇಟರು ಎಣ್ಣೆ ಸುರಿಸಿಕೊಂಡು ಕೂತಿತ್ತು. ಪರೀಕ್ಷೆಗೆಂದು ಕರೆಂಟು ತೆಗೆದರು. ನಮ್ಮ ಪೆಟ್ಟಿಗೆಯ ಮೇಲೆ ಹಸಿರು ದೀಪ ಹತ್ತಿತು. ಫ್ಯಾನಿನ ಸಣ್ಣ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಹತ್ತಿರದ ಮನೆಯ ಹೆಂಗಸೊಬ್ಬಳು ಒಣಹಾಕಿದ ಬಟ್ಟೆ ತೆಗೆಯುತ್ತಾ ನಮ್ಮನ್ನು ನೋಡಿ ಕೇಳಿದಳು.

“ಕರೆಂಟು ಹೋಗಿದೆಯಲ್ಲ, ಮಿಷನ್ ಹಾಕ್ಲಿಲ್ವಾ?”

“ಹಾಕಿದೀವಿ ಮಾ. ಓಡ್ತಾ ಇದೆ” ಎಂದರು ಅತ್ತೆ.

ಅವಳು ನಂಬದೆ ಬೇಲಿಯವರೆಗೆ ಬಂದು ಕಿವಿಗೊಟ್ಟಳು. ಪೆಟ್ಟಿಗೆಯ ಕೆಳಗಿನ ಕೊಳವೆಯಿಂದ ನೀರು ತೊಟ್ಟಿಕ್ಕುವುದನ್ನು ಅತ್ತೆ ತೋರಿಸಿದರು. “ಹೊಗೆ ಬದಲು ಇದೇ ಬರೋದು.”

“ಹಾಗಾದ್ರೆ ರಾತ್ರಿ ಮಗು ಎದ್ದೇಳಲ್ಲ” ಎಂದಳು ಅವಳು. ಆ ಘಟಕದ ಬಗ್ಗೆ ಆಮೇಲೆ ನಮಗೆ ಬಂದ ಹೊಗಳಿಕೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದು.

ಈಗ ಅತ್ತೆ ವಾರದ ಹೆಚ್ಚಿನ ದಿನಗಳಲ್ಲಿ ಲ್ಯಾಬಿನಲ್ಲೇ ಇರುತ್ತಾರೆ. ಕಂಪನಿ ಇನ್ನೊಂದು ದೊಡ್ಡ ಶೆಡ್ಡಿಗೆ ಹೋಗುತ್ತಿದೆ. ಶಾಯಿ ಕಲೆಸುವ ಕೋಣೆ ಯಾವ ಕಡೆ ಇರಬೇಕೆಂಬ ವಿಷಯದಲ್ಲಿ ಅತ್ತೆಗೂ ಸರ್‌ಗೂ ಎಳೆದಾಟ ನಡೆದಿದೆ. ದಾವಣಗೆರೆಯಿಂದ ಅಪ್ಪ ಫೋನ್ ಮಾಡಿದಾಗ ಮೊದಲು ಕೇಳುವುದು, “ನಿಮ್ಮತ್ತೆ ಕೆಲಸ ಹೆಂಗ ನಡದತಿ?” ಎಂದು, ಆಮೇಲೆ ನನ್ನದು. ಮೊನ್ನೆ ಬೆಳಗ್ಗೆ ಮೆಟ್ರೊದಲ್ಲಿ ನಿಂತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದು ಎಳೆದರು.

“ಪ್ಲಾಟಿನಂ ಇನ್ನೂ ಕಮ್ಮಿ ಹಾಕಿದ್ರೆ ಏನಾಗುತ್ತೆ? ಈಗ ಕೊಳವೆ ಪೂರ್ತಿ ಬಿಡಿ ಬಿಡಿಯಾಗಿದೆ ತಾನೆ? ಅಷ್ಟು ಬೇಕಾ?”

“ಮಾಡಿ ನೋಡ್ಬೇಕ್ರಿ ಅತ್ತೆ.”

“ಇವತ್ತೇ ಮಾಡೋಣ” ಎಂದರು. ಆಲಂದೂರು ಬಂತು. ಜನರನ್ನು ದಾಟಿಕೊಂಡು, ನನಗಿಂತ ಮೊದಲು ಇಳಿದು, ಮುಂದಿನ ರೈಲು ಬರುವ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದರು.